ಒಂದು ಏರುತ್ತದೆ, ಒಂದು ಇಳಿಯುತ್ತದೆ

ಜನವರಿ ೯

ಪ್ರೀತಿಯ ಗುಬ್ಬಿ,

ಇಷ್ಟು ದಿನದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಿರಬೇಕು. ಅಮ್ಮ ಹೋದ ಮೇಲೆ ನಾವಿಬ್ಬರೂ ಫೋನು ಎತ್ತಿದರೆ ಮೊದಲ ಮಾತಿಗೇ ಜಗಳ. ಆಮೇಲೆ ಫೋನೂ ನಿಂತಿತು. ಕಾಗದದಲ್ಲಾದರೆ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕೋಕಾಗಲ್ಲ, ಅದಕ್ಕೇ ಬರೀತಿದ್ದೀನಿ.

ನನ್ನ ಎರಡೂ ಕಿಡ್ನಿ ಕೆಟ್ಟಿವೆ. ಆರು ತಿಂಗಳಿಂದ ಒಂದೇ ಸಮನೆ ಸುಸ್ತು. ಗ್ರಂಥಾಲಯದಲ್ಲಿ ಹರಿದ ಪುಸ್ತಕ ಹೊಲೀತಾ ಕೂತರೆ ಗೋಂದಿನ ವಾಸನೆಗೇ ಹೊಟ್ಟೆ ತೊಳಸೋದು. ವಯಸ್ಸಾಯ್ತು ಅಂದುಕೊಂಡೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯೇಟಿನಿನ್ ೫.೮ ಬಂತು. ಮೈ ದುಡಿದಾಗ ಮಾಂಸಖಂಡಗಳಲ್ಲಿ ಉಳಿಯೋ ಕಸ ಅದು ಅಂತ ಡಾಕ್ಟರಮ್ಮ ಹೇಳಿದರು. ಕಿಡ್ನಿ ಅದನ್ನು ಗುಡಿಸಿ ಹೊರಗೆ ಹಾಕಬೇಕು. ಗುಡಿಸೋದು ನಿಂತರೆ ಕಸ ರಕ್ತದಲ್ಲೇ ಉಳಿದು ಅಂಕಿ ಏರುತ್ತೆ. ಅದರ ಕೆಳಗೆ ಇ-ಜಿ-ಎಫ್-ಆರ್ ಅಂತ ಇನ್ನೊಂದು ಅಂಕಿ ಇದೆ. ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಅಂದಾಜು. ಗಟ್ಟಿಮುಟ್ಟಾಗಿರೋರಿಗೆ ತೊಂಬತ್ತರ ಮೇಲಿರುತ್ತಂತೆ, ನನ್ನದು ಎಂಟು. ಒಂದು ಏರಿದಂತೆ ಇನ್ನೊಂದು ಇಳಿಯುತ್ತೆ. ನಿನ್ನ ಭಾವನ ತಲೆಗೆ ಇದು ಹೋಗಲೇ ಇಲ್ಲ. ಒಂದಾದರೂ ಕಮ್ಮಿ ಬಂದಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡರು ಪಾಪ.

ಸ್ಕ್ಯಾನಿನಲ್ಲಿ ಎರಡೂ ಕಡೆ ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆ ಕಂಡಿವೆ. ಇದು ವಂಶದಲ್ಲಿ ಬರೋ ಕಾಯಿಲೆಯಂತೆ. ಅಮ್ಮನ ಹೊಟ್ಟೆ ಊದಿಕೊಂಡಿದ್ದು ನಿನಗೆ ನೆನಪಿರಬಹುದು. ಗ್ಯಾಸು ಅಂತ ಹೇಳ್ತಾ ಹೇಳ್ತಾನೇ ಹೋಗಿಬಿಟ್ಟಳು. ಅವಳಿಂದ ನಮ್ಮಲ್ಲಿ ಒಬ್ಬೊಬ್ಬರಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ನೀನು ಪರೀಕ್ಷೆ ಮಾಡಿಸಿಕೋ. ನಾನು ಕೇಳ್ತಿರೋದು ಇಷ್ಟನ್ನೇ.

ನಿನ್ನ
ಅಕ್ಕ

ಫೆಬ್ರವರಿ ೨

ಅಕ್ಕಾ,

ಬೇರೇನೂ ಕೇಳಲ್ಲ ಅಂತ ಬರೆದರೆ ನನಗೆ ಅರ್ಥವಾಗಲ್ಲ ಅಂದುಕೊಂಡೆಯಾ? ಭಾವನಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಯಾರೂ ತೆಗೆದುಕೊಳ್ಳಲ್ಲ. ನಿನಗೆ ಮಕ್ಕಳಿಲ್ಲ. ಉಳಿದವಳು ನಾನೊಬ್ಬಳೇ.

ಬಂದರಿನ ಗೇಟಿನ ಎದುರಿಗಿರೋ ಲ್ಯಾಬಿಗೆ ಪಾಳಿ ಮುಗಿಸಿ ಹೋದೆ. ರಕ್ತ ತೆಗೆಯೋಕೆ ನರ ಸಿಗದೆ ಆ ಹುಡುಗಿ ಒದ್ದಾಡಿದಳು. ನೀರು ಕುಡಿಯಲ್ವಾ ಅಂತ ಕೇಳಿದಳು. ಎಲ್ಲಿ ಕುಡಿಯೋದು? ಕ್ರೇನಿನ ಕ್ಯಾಬಿನ್ನಿಗೆ ಒಮ್ಮೆ ಹತ್ತಿದರೆ ಊಟದ ಹೊತ್ತಿಗೇ ಇಳಿಯೋದು. ಅಲ್ಲಿ ಮೇಲೆ ಗಂಡಸರು ಹೇಗೋ ಸುಧಾರಿಸಿಕೊಳ್ತಾರೆ. ನಾನು ಬೆಳಿಗ್ಗೆಯಿಂದಲೇ ಬಾಯಿ ಒಣಗಿಸಿಕೊಂಡು ಕೂತಿರ್ತೀನಿ. ಕೆಳಗೆ ಹಡಗಿನ ಮೇಲೆ ಕಂಟೇನರ್ ಇಳಿಸುವಾಗ ಮೂತ್ರದ ಯೋಚನೆ ಬಂದರೆ ಯಾರದೋ ತಲೆ ಹೋಗುತ್ತೆ.

ಇರಲಿ, ಈಗ ಮುಖ್ಯ ಮಾತಿಗೆ ಬರ್ತೀನಿ. ನನ್ನ ಕ್ರಿಯೇಟಿನಿನ್ ೧.೧! ಪಕ್ಕದಲ್ಲೇ ೦.೬ರಿಂದ ೧.೧ ಸರಿ ಅಂತ ಅಚ್ಚಾಗಿದೆ. ದಪ್ಪ ಅಕ್ಷರವೂ ಇಲ್ಲ, ನಕ್ಷತ್ರದ ಗುರುತೂ ಇಲ್ಲ. ನನಗೆ ಬಂದಿಲ್ಲ ಅಕ್ಕಾ. ಭಾವನಿಗೆ ಫೋನು ಮಾಡಿ ಹೇಳಿದೆ, ಅತ್ತೇಬಿಟ್ಟರು. ಮುಂದೇನು ಮಾಡಬೇಕು ಅಂತ ನಿನ್ನ ಡಾಕ್ಟರಮ್ಮನನ್ನ ಕೇಳು. ರಜಕ್ಕೆ ಈಗಲೇ ಬರೆದು ಹಾಕ್ತೀನಿ.

ಗುಬ್ಬಿ

ಫೆಬ್ರವರಿ ೮

ಗುಬ್ಬಿ,

ರಜಕ್ಕೆ ಬರೀಬೇಡ.

ನಿನ್ನ ಭಾವ ಮನೆ ತುಂಬ ಓಡಾಡಿ ಖುಷಿಪಟ್ಟರು. ಅವರ ಮುಂದೆ ನಾನು ಏನೂ ಹೇಳಲಿಲ್ಲ. ನಿನಗೆ ಮಾತ್ರ ಹೇಳಬೇಕು. ಆ ೧.೧ನ್ನ ಹಾಗೇ ಓದಿದರೆ ಆಗಲ್ಲ. ಅದೇ ಅಂಕಿ ಒಬ್ಬ ಪೈಲ್ವಾನನಿಗೆ ಬಂದರೆ ಸರಿಯೇ ಇರಬಹುದು, ಅವನ ಮೈಯಲ್ಲಿ ಮಾಂಸ ಜಾಸ್ತಿ, ಕಸವೂ ಜಾಸ್ತಿ. ನೀನು ಹೆಸರಿಗೆ ತಕ್ಕ ಹಾಗೆ ಗುಬ್ಬಿ. ವಯಸ್ಸು ನಲವತ್ತೊಂದು. ನಿನ್ನ ವಯಸ್ಸಿನ ಹೆಂಗಸಿಗೆ ೧.೧ ಅಂದರೆ ಸೋಸೋ ಲೆಕ್ಕ ಅರವತ್ತನಾಲ್ಕಕ್ಕೆ ಬರುತ್ತೆ. ನಿನ್ನ ಲ್ಯಾಬಿನವರು ಆ ಲೆಕ್ಕ ಹಾಕಿಯೇ ಇಲ್ಲ. ಡಾಕ್ಟರಮ್ಮನಿಗೆ ತೋರಿಸಿದೆ. ಅವರೂ ಹೌದು ಅಂತ ತಲೆಯಾಡಿಸಿದರು. ನೀರು ಕುಡಿಯದೆ ಇದ್ದ ದಿನ ಅಂಕಿ ಸ್ವಲ್ಪ ಏರಿರಲೂಬಹುದು, ಅದಕ್ಕೇ ಈಗಲೇ ಏನೂ ಹೇಳೋಕಾಗಲ್ಲ ಅಂದರು. ಒಳ್ಳೇ ಅಂಕಿ ಬಂದರೂ ಗುಳ್ಳೆ ಇಲ್ಲ ಅಂತ ರಕ್ತದಿಂದ ಗೊತ್ತಾಗಲ್ಲವಂತೆ. ಸ್ಕ್ಯಾನೇ ಆಗಬೇಕು.

ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ರಕ್ತ ಕೊಡು, ಸ್ಕ್ಯಾನ್ ಮಾಡಿಸು, ಬಿ.ಪಿ. ನೋಡಿಸು. ನೋವಿನ ಮಾತ್ರೆ ನುಂಗಬೇಡ. ಆಮೇಲೆ ಉಳಿದ ಮಾತು.

ಅಕ್ಕ

ಫೆಬ್ರವರಿ ೨೦

ಅಕ್ಕಾ,

ನೀನು ಬದಲಾಗಿಲ್ಲ. ನಾನು ಏನು ತಂದುಕೊಟ್ಟರೂ ಅದರಲ್ಲಿ ಒಂದು ಕೊರತೆ ಹುಡುಕ್ತೀಯ. ಕಾಗದದ ಮೇಲೆ ಸರಿ ಅಂತ ಅಚ್ಚಾಗಿರೋದೂ ನಿನಗೆ ಸಾಲದು. ನನ್ನಿಂದ ಏನನ್ನೂ ತೆಗೆದುಕೊಳ್ಳಬಾರದು ಅಂತ ನಿನಗೆ ಅನ್ನಿಸಿದ್ದರೆ ನೇರವಾಗಿ ಹೇಳು. ಲೆಕ್ಕ ಹಾಕಿ ತೋರಿಸೋದು ಯಾಕೆ?

ಇಷ್ಟೇ.

ಗುಬ್ಬಿ

ಏಪ್ರಿಲ್ ೧೪

ಪ್ರೀತಿಯ ಗುಬ್ಬಿ,

ನೀನು ಬರೀಲಿಲ್ಲ, ನಾನೂ ಬರೀಲಿಲ್ಲ. ಈಗ ಸಮಯ ಬೇಕಾದಷ್ಟಿದೆ, ಅದಕ್ಕೆ ಬರೀತಿದ್ದೀನಿ. ಡಯಾಲಿಸಿಸ್ ಶುರುವಾಯ್ತು. ಮಂಗಳವಾರ, ಗುರುವಾರ, ಶನಿವಾರ. ಎಡಗೈ ಯಂತ್ರಕ್ಕೆ, ಬಲಗೈ ನಿನಗೆ.

ಉದ್ದನೆಯ ಕೋಣೆ, ಗೋಡೆ ಬದಿಗೆ ಸಾಲಾಗಿ ಕುರ್ಚಿಗಳು. ಪಕ್ಕದ ಕುರ್ಚಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವರು ಬರ್ತಾರೆ, ಬಾಯಿ ಬಿಟ್ಟುಕೊಂಡು ಗೊರಕೆ ಹೊಡೀತಾರೆ. ಹೋದ ವಾರ ಆ ಕಡೆ ಮೂಲೆಯ ಕುರ್ಚಿ ಖಾಲಿ ಇತ್ತು. ಅಲ್ಲಿ ಕೂರ್ತಿದ್ದ ಹೆಂಗಸು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಎರಡು ಸಲ ಕಳೆದ ಮೇಲೆ ಅದೇ ಕುರ್ಚಿಗೆ ಬೇರೆಯವರು ಬಂದರು.

ಸೂಜಿ ಚುಚ್ಚೋಕೆ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿದ್ದಾರೆ. ಆ ಕೈಯಲ್ಲಿ ಭಾರ ಎತ್ತಬಾರದು. ಗ್ರಂಥಾಲಯದಲ್ಲಿ ಹೊಲಿದ ಪುಸ್ತಕ ಒತ್ತೋ ಪ್ರೆಸ್ಸಿನ ಹಿಡಿ ತಿರುಗಿಸೋಕೆ ಎರಡೂ ಕೈ ಬೇಕು, ಹಾಗಾಗಿ ನನ್ನನ್ನ ಚೀಟಿ ಅಂಟಿಸೋ ಕೆಲಸಕ್ಕೆ ಹಾಕಿದ್ದಾರೆ. ಯಂತ್ರದಿಂದ ಎದ್ದ ಮೇಲೆ ರಕ್ತ ನೋಡಿದರೆ ಕ್ರಿಯೇಟಿನಿನ್ ಏಳರಿಂದ ಮೂರಕ್ಕೆ ಇಳಿದಿತ್ತು. ನಿನ್ನ ಭಾವ ಆ ಚೀಟಿ ಹಿಡಿದುಕೊಂಡು, ಕಿಡ್ನಿ ಎಚ್ಚರಾಯ್ತು ಅಂತ ದಾರಿಯುದ್ದಕ್ಕೂ ಹೇಳಿದರು. ಕಸ ಗುಡಿಸಿದ್ದು ಯಂತ್ರ, ಎರಡು ದಿನಕ್ಕೆ ಮತ್ತೆ ಏರುತ್ತೆ ಅಂತ ಹೇಳೋಕೆ ನನಗೆ ಮನಸ್ಸು ಬರಲಿಲ್ಲ. ಆಮೇಲೆ ಅವರಿಗೇ ಗೊತ್ತಾಯ್ತು.

ಸತ್ತವರ ಕಿಡ್ನಿಗೆ ಕಾಯೋರ ಸಾಲಿನಲ್ಲೂ ನನ್ನ ಹೆಸರು ಬರೆಸಿದ್ದಾರೆ. ಸಾಲು ಉದ್ದ ಇದೆ.

ನನಗೆ ಈಗ ನೀರು ಅಳತೆ ಮೇಲೆ. ನನ್ನ ಪಾಲಿನದನ್ನೂ ನೀನು ಕುಡಿ.

ಅಕ್ಕ

ಮೇ ೧೧

ಅಕ್ಕಾ,

ಸ್ಕ್ಯಾನ್ ಮಾಡಿಸಿದೆ. ಮಾರ್ಚಿನಲ್ಲೇ ಮಾಡಿಸಿದ್ದು. ಬರೆಯೋಕೆ ಆಗಲಿಲ್ಲ.

ಆ ಡಾಕ್ಟರ್ ಹೊಟ್ಟೆ ಮೇಲೆ ಯಂತ್ರ ಆಡಿಸ್ತಾ ಮೊದಲು ನನ್ನ ಕೆಲಸದ ಬಗ್ಗೆ ಕೇಳ್ತಿದ್ದರು. ಅಷ್ಟು ಎತ್ತರದಲ್ಲಿ ಭಯ ಆಗಲ್ವಾ, ಗಾಳಿಗೆ ಅಲ್ಲಾಡುತ್ತಾ ಅಂತೆಲ್ಲ. ಮಧ್ಯದಲ್ಲಿ ಮಾತು ನಿಲ್ಲಿಸಿದರು. ಆಗಲೇ ಗೊತ್ತಾಯ್ತು ನನಗೆ. ಎರಡೂ ಕಡೆ ಇವೆ. ನಿನ್ನವಷ್ಟು ದೊಡ್ಡವಲ್ಲ. ನೀರು ಕುಡಿದು ಇನ್ನೊಮ್ಮೆ ಕೊಟ್ಟ ರಕ್ತದಲ್ಲೂ ೧.೧ ಬಂತು. ನೀನು ಹಾಕಿದ ಲೆಕ್ಕ ಸರಿಯೇ. ಬಿ.ಪಿ.ಯೂ ಇದೆ. ಮಾತ್ರೆ ಕೊಟ್ಟಿದ್ದಾರೆ. ಕಿಡ್ನಿ ಪೂರ್ತಿ ಕೈಕೊಡೋ ಮೊದಲು ನನಗೆ ಹತ್ತು ವರ್ಷವೋ, ಹದಿನೈದೋ ಸಿಗಬಹುದು, ಖಚಿತವಾಗಿ ಹೇಳೋಕಾಗಲ್ಲ ಅಂದರು.

ಈಗ ಮೇಸ್ತ್ರಿಗೆ ಹೇಳಿ ಮಧ್ಯೆ ಇಳಿಯೋಕೆ ಬಿಡುವು ತೆಗೆದುಕೊಂಡಿದ್ದೀನಿ. ಪಾಳಿಯಲ್ಲಿ ನಗ್ತಾರೆ. ನಗಲಿ.

ನಿನಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ ಅಕ್ಕಾ. ಅದನ್ನ ಹೇಳೋಕೇ ಇಷ್ಟು ದಿನ ಹಿಡೀತು.

ಇನ್ನೊಂದು ಮಾತಿದೆ. ಮಗಳಿಗೆ, ನಮ್ಮ ಮುಂಗುಸಿಗೆ, ಏನು ಹೇಳಲಿ? ಅವಳಿಗೀಗ ಇಪ್ಪತ್ತನಾಲ್ಕು. ಕನ್ನಡಕದ ಅಂಗಡಿಯಲ್ಲಿ ಕೆಲಸ ಈಗಷ್ಟೇ ಕಾಯಂ ಆಗಿದೆ. ಅವಳಪ್ಪ ನಮ್ಮನ್ನ ಬಿಟ್ಟು ಹೋದಾಗಿಂದ ಒಂದು ಒಳ್ಳೇ ದಿನ ಕಂಡಿದ್ದು ಈಗಲೇ. ನನ್ನ ಮಗಳು ನಗ್ತಾ ಊಟ ಮಾಡ್ತಿರೋವಾಗ ಇದನ್ನ ಹೇಗೆ ಮುಂದಿಡಲಿ? ನನಗೆ ಬಂದಿದೆ ಅಂದಮೇಲೆ ಅವಳಿಗೂ ಅದೇ ಅರ್ಧಕ್ಕರ್ಧ.

ಗುಬ್ಬಿ

ಜೂನ್ ೫

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಯಂತ್ರದ ಮುಂದೆ ಕೂತು ಓದಿದೆ. ನರ್ಸ್ ಬಂದು ಬಿ.ಪಿ. ಯಾಕೆ ಏರಿತು ಅಂತ ಕೇಳಿದಳು.

ಕೊಡೋಕೆ ಏನೂ ಇಲ್ಲ ಅಂತ ಇನ್ನೊಂದು ಸಲ ಬರೆದರೆ ನಾನು ಉತ್ತರ ಬರೆಯಲ್ಲ.

ಮುಂಗುಸಿಗೆ ಹೇಳು. ಅಮ್ಮನಿಗೆ ಗೊತ್ತಿದ್ದಿದ್ದರೆ ನಮಗೆ ಹೇಳ್ತಿದ್ದಳೋ ಇಲ್ಲವೋ ಅಂತ ನಾನು ಇಲ್ಲಿ ಕೂತು ತುಂಬ ಯೋಚನೆ ಮಾಡಿದ್ದೀನಿ. ಹೇಳ್ತಿರಲಿಲ್ಲ ಅಂತಲೇ ಅನ್ನಿಸುತ್ತೆ. ಮಕ್ಕಳು ಹೆದರ್ತಾವೆ ಅಂತ ನುಂಗಿಕೊಳ್ತಿದ್ದಳು. ಹತ್ತು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿ, ಬಿ.ಪಿ. ಮಾತ್ರೆ ಕೈಗೆ ಕೊಟ್ಟಿದ್ದರೆ ಈ ಕುರ್ಚಿಗೆ ಇನ್ನೂ ಕೆಲವು ವರ್ಷ ತಡವಾಗಿ ಬರ್ತಿದ್ದೆನೇನೋ. ಪರೀಕ್ಷೆ ಮಾಡಿಸಿಕೊಳ್ಳೋದು ಬಿಡೋದು ಅವಳಿಗೆ ಬಿಟ್ಟಿದ್ದು. ಹೇಳೋದು ಮಾತ್ರ ನಿನ್ನ ಕೆಲಸ. ಊಟದ ಹೊತ್ತಿಗೆ ಹೇಳಬೇಡ, ಪಾಪ.

ಅಕ್ಕ

ಆಗಸ್ಟ್ ೧೭

ಅಕ್ಕಾ,

ಹೇಳಿದೆ. ಬಟ್ಟೆ ಮಡಚ್ತಾ ಇದ್ದಳು, ಮಡಚ್ತಾನೇ ಕೇಳಿಸಿಕೊಂಡಳು. ಎಷ್ಟು ದಿನದಿಂದ ಗೊತ್ತು ಅಂತ ಕೇಳಿದಳು. ಮಾರ್ಚಿಂದ ಅಂದೆ. ಆಮೇಲೆ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ತಾನೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಏನೂ ಕಾಣಲಿಲ್ಲವಂತೆ. ಇಷ್ಟು ಚಿಕ್ಕ ವಯಸ್ಸಿಗೆ ಸ್ಕ್ಯಾನ್ ಒಂದನ್ನೇ ನಂಬೋಕಾಗಲ್ಲ ಅಂತ ವಂಶದ ದೋಷ ನೋಡೋ ಇನ್ನೊಂದು ರಕ್ತ ಪರೀಕ್ಷೆಯನ್ನೂ ಮಾಡಿದರು. ನನ್ನ ರಕ್ತದ ಜೊತೆ ಇಟ್ಟು ನೋಡಿದರಂತೆ. ಅವಳಿಗೆ ಬಂದಿಲ್ಲ.

ಇಲ್ಲಿ ಸೆಕೆ ಜಾಸ್ತಿ. ಹಡಗುಗಳು ಸಾಲುಗಟ್ಟಿ ನಿಂತಿವೆ, ಕೆಲಸ ಬಿಡುವಿಲ್ಲ. ನಿನ್ನ ಕೈ ಹೇಗಿದೆ?

ಗುಬ್ಬಿ

ಸೆಪ್ಟೆಂಬರ್ ೩೦

ದೊಡ್ಡಮ್ಮಾ,

ನಾನು ಮುಂಗುಸಿ. ಚಿಕ್ಕವಳಿದ್ದಾಗ ನೀನು ಸ್ನಾನಕ್ಕೆ ಕರೆದರೆ ಮಂಚದ ಕೆಳಗೆ ಸೇರ್ತಿದ್ದವಳು. ಅಮ್ಮನಿಗೆ ಹೇಳದೆ ಬರೀತಿದ್ದೀನಿ.

ನನ್ನ ರಕ್ತದ ಗುಂಪೂ ನಿನ್ನ ಗುಂಪೂ ಒಂದೇ. ನನ್ನ ಕ್ರಿಯೇಟಿನಿನ್ ೦.೭. ಸೋಸೋ ಲೆಕ್ಕ ನೂರರ ಮೇಲಿದೆ. ಆ ಲೆಕ್ಕ ನನಗೂ ಬರುತ್ತೆ ಈಗ. ಒಂದು ಕಿಡ್ನಿ ಕೊಟ್ಟರೂ ಬದುಕಬಹುದು ಅಂತ ಡಾಕ್ಟರನ್ನ ಕೇಳಿ ತಿಳಿದುಕೊಂಡಿದ್ದೀನಿ. ಇನ್ನೂ ಏನೇನೋ ಪರೀಕ್ಷೆ ಆಗಬೇಕಂತೆ, ಆಗಲಿ. ನಿನಗೆ ಕೊಡ್ತೀನಿ.

ಅಮ್ಮ ಈ ಮಾತೇ ಎತ್ತುತ್ತಿಲ್ಲ. ನನ್ನ ಫಲಿತಾಂಶ ಬಂದ ದಿನ ತಬ್ಬಿಕೊಂಡು ಅತ್ತಳು. ಆಮೇಲೆ ನಿನ್ನ ಹೆಸರು ಬಂದರೆ ಎದ್ದು ಹೋಗಿ ಪಾತ್ರೆ ತೊಳೀತಾಳೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಾಳೆ. ಯಾಕೆ ಅಂತ ನನಗೆ ಗೊತ್ತು, ನಿನಗೂ ಗೊತ್ತಾಗುತ್ತೆ. ಮುಂದಿನದು ಮುಂದೆ. ಈಗ ಕುರ್ಚಿಯಲ್ಲಿ ಕೂತಿರೋಳು ನೀನು.

ಅಂಗಡಿಯ ವಿಳಾಸಕ್ಕೇ ಉತ್ತರ ಬರಿ.

ಮುಂಗುಸಿ

ಅಕ್ಟೋಬರ್ ೨೧

ನನ್ನ ಮುಂಗುಸಿ,

ನಿನ್ನ ಪತ್ರ ಬಂದು ತುಂಬ ದಿನವಾಯ್ತು. ತಡವಾಗಿದ್ದಕ್ಕೆ ಕಾರಣ ಹೇಳ್ತೀನಿ. ಹೂಂ ಅನ್ನಬೇಕು ಅಂತ ನನಗೆ ಆಸೆಯಾಯ್ತು. ದೊಡ್ಡಮ್ಮ ದೊಡ್ಡ ಮನಸ್ಸಿನವಳು ಅಂತ ಅಂದುಕೊಳ್ಳಬೇಡ. ಯಂತ್ರದಿಂದ ಎದ್ದ ದಿನ ಮೆಟ್ಟಿಲು ಹತ್ತೋಕಾಗದೆ ಕೆಳಗೇ ಕೂತುಬಿಡ್ತೀನಿ. ಆಗೆಲ್ಲ ನಿನ್ನ ಪತ್ರ ಚೀಲದಿಂದ ತೆಗೆದು ಓದಿದೆ.

ಆದರೂ ಬೇಡ. ನಿನ್ನಮ್ಮನಿಗೆ ಈಗ ಸೋಸೋ ಲೆಕ್ಕ ಅರವತ್ತರ ಸುತ್ತ ಇದೆ. ಅದು ಇಳಿಯೋ ಅಂಕಿ, ಏರೋದಲ್ಲ. ಅವಳ ಸರದಿ ಬಂದಾಗ ಅವಳಿಗೆ ನೀನಲ್ಲದೆ ಯಾರಿದ್ದಾರೆ? ಅವಳು ಪಾತ್ರೆ ತೊಳೆಯೋದಕ್ಕೆ ನಾನು ಬೇಜಾರು ಮಾಡಿಕೊಂಡಿಲ್ಲ. ನೀನೂ ಮಾಡಿಕೊಳ್ಳಬೇಡ. ಈ ಮಾತು ನಮ್ಮಿಬ್ಬರಲ್ಲೇ ಇರಲಿ.

ದೊಡ್ಡಮ್ಮ

ನವೆಂಬರ್ ೧೬

ಅಕ್ಕಾ,

ಮುಂಗುಸಿ ಎರಡೂ ಪತ್ರದ ವಿಷಯ ನನಗೆ ಹೇಳಿದಳು. ನಿನ್ನದನ್ನ ನನ್ನ ಮುಂದೆ ಇಟ್ಟು ಎದುರಿಗೇ ಕೂತಳು.

ಆಗಸ್ಟಿನಲ್ಲಿ ನನ್ನ ಪತ್ರ ಯಾಕೆ ಅಷ್ಟು ಚಿಕ್ಕದಿತ್ತು ಅಂತ ನೀನು ಒಂದು ಸಲವೂ ಕೇಳಲಿಲ್ಲ. ಅವಳಿಗೆ ಬಂದಿಲ್ಲ ಅಂತ ಬರೆದ ಮೇಲೆ ಬರೀಬೇಕಾದ ಮುಂದಿನ ಸಾಲು ನನಗೆ ಗೊತ್ತಿತ್ತು. ಕೈ ಬರಲಿಲ್ಲ. ನಿನಗೆ ಹೋದರೆ ನನಗಿಲ್ಲ ಅನ್ನೋ ಲೆಕ್ಕ ತಲೆಯಲ್ಲಿ ತಾನೇ ನಡೀತು. ಕ್ಯಾಬಿನ್ನಿನಲ್ಲಿ ಕೂತು ನಾಚಿಕೆಯಾಗಿದೆ ನನಗೆ. ಕೆಳಗಿನಿಂದ ವಾಕಿಟಾಕಿಯಲ್ಲಿ ಕೂಗ್ತಿದ್ದರೂ ಕೇಳಿಸಿರಲಿಲ್ಲ ಒಂದು ದಿನ.

ನಿನ್ನ ಪತ್ರ ಓದಿ ಮುಗಿಸಿದ ಮೇಲೆ ಅವಳು ಹೇಳಿದ ಮಾತು ಇದು: "ನನ್ನ ಹೊಟ್ಟೆಯೊಳಗಿರೋದನ್ನ ನೀವಿಬ್ಬರೂ ನನ್ನನ್ನ ಒಂದು ಮಾತೂ ಕೇಳದೆ ಹಂಚಿಕೊಂಡುಬಿಟ್ಟಿರಲ್ಲ."

ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಹೇಳು.

ಅವಳ ಮಾತು ಸರಿ ಅಕ್ಕಾ. ನಾನು ನನ್ನ ಪಾಲು ಬಿಟ್ಟುಕೊಟ್ಟಿದ್ದೀನಿ. ಹತ್ತು ವರ್ಷದ ಮೇಲಿನ ನನಗೋಸ್ಕರ ನೀನು ಈಗ ಸಾಯಬೇಡ. ಅವಳನ್ನ ಕರೆದುಕೊಂಡು ಬರ್ತೀನಿ. ಡಾಕ್ಟರಮ್ಮನ ಮುಂದೆ ನಾವು ಮೂವರೂ ಕೂತು ಮಾತಾಡೋಣ. ಅವಳು ಏನು ಹೇಳ್ತಾಳೋ ಅದು.

ಗುಬ್ಬಿ

ಡಿಸೆಂಬರ್ ೧೮

ಗುಬ್ಬಿಗೆ ಭಾವನ ಆಶೀರ್ವಾದಗಳು.

ನೀವಿಬ್ಬರೂ ಬಂದಾಗ ಮನೆ ತುಂಬ ಜನ ಇದ್ದರು. ನನಗೆ ಬಾಯಿ ಬರಲಿಲ್ಲ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕೊನೆಯ ಪತ್ರ ನಿನ್ನಕ್ಕನಿಗೆ ಸಿಕ್ಕಿತ್ತು. ಶುಕ್ರವಾರ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತು ಓದಿದಳು. ಹುಡುಗಿ ಹೇಳಿದ ಮಾತು ಬಂದ ಕಡೆ ನಕ್ಕಳು. ನನ್ನನ್ನ ಕರೆದು ಅದನ್ನ ಓದಿ ಹೇಳಿ ಇನ್ನೊಂದು ಸಲ ನಕ್ಕಳು. ಕಾಯಿಲೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಆಮೇಲೆ ಅಂದಳು, "ಸರಿ, ಬರಲಿ. ನಾನು ಬೇಡ ಅನ್ನಲ್ಲ." ಶನಿವಾರ ಯಂತ್ರದ ಮುಂದೆ ಕೂತು ನಿನಗೆ ಬರೀತೀನಿ ಅಂದಿದ್ದಳು. ಶನಿವಾರ ಸುಸ್ತು ಜಾಸ್ತಿಯಾಗಿ ಬರೆಯೋಕಾಗಲಿಲ್ಲ. ಮಂಗಳವಾರ ಬರೀತೀನಿ ಅಂದಳು.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಹೊರಟು ಚಪ್ಪಲಿ ಹಾಕಿಕೊಳ್ತಾ ಬಾಗಿದವಳು ಏಳಲಿಲ್ಲ. ಯಂತ್ರ ಇಲ್ಲದ ದಿನಗಳಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋದು ಏರಿ ಹೃದಯ ನಿಂತಿರಬಹುದು ಅಂದರು ಡಾಕ್ಟರಮ್ಮ. ನಾನು ಅವಳನ್ನ ಎಬ್ಬಿಸೋಕೆ ನೋಡಿದೆ.

ಅವಳು ಹೂಂ ಅಂದಿದ್ದಳು ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು. ಈಗ ನಿನಗೆ ಹೇಳಿದ್ದೀನಿ. ಹುಡುಗಿಗೆ ತಿಳಿಸಿದರೆ ಒಳ್ಳೆಯದೋ, ಬಿಟ್ಟರೆ ಒಳ್ಳೆಯದೋ ನನಗೆ ತೋಚುತ್ತಿಲ್ಲ. ಬೇಡ ಅನ್ನಿಸಿದರೆ ಈ ಕಾಗದ ಹರಿದುಹಾಕು, ನಾನು ಈ ಮಾತು ಮತ್ತೆ ಎತ್ತಲ್ಲ.

ಭಾವ

ಜನವರಿ ೪

ಭಾವ,

ನಿಮ್ಮ ಪತ್ರ ಹರಿದುಹಾಕಲಿಲ್ಲ. ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಆಮೇಲೆ ಭಾನುವಾರ ಮುಂಗುಸಿಯ ಕೈಗೆ ಕೊಟ್ಟೆ. ಇನ್ನು ಮುಂದೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ್ದು ಅಂತ ಇರೋದು ಬೇಡ.

ಮೊನ್ನೆ ನನ್ನ ರಕ್ತ ಮತ್ತೆ ನೋಡಿದರು. ೧.೨ ಬಂದಿದೆ. ಲೆಕ್ಕ ಹಾಕಿ ಹೇಳಿದ್ದು ಮಗಳು.

ಅವಳು ನಿಮ್ಮ ಪತ್ರ ಕಿಟಕಿಯ ಹತ್ತಿರ ನಿಂತು ಓದಿದಳು. ಓದಿ ಮಡಚಿದಳು, ಮತ್ತೆ ಬಿಚ್ಚಿ ಓದಿದಳು. ಅಳ್ತಾಳೆ ಅಂತ ನಾನು ಹತ್ತಿರ ಹೋದೆ.

"ನಕ್ಕಳಂತಾ?" ಅಂದಳು.

"ಹೂಂ. ಎರಡು ಸಲ ನಕ್ಕಳಂತೆ."

ಕೆಲಸಕ್ಕೆ ಹೊತ್ತಾಯ್ತು ಅಂತ ಒಳಗೆ ಹೋದಳು. ಆ ದಿನ ಅವಳ ಅಂಗಡಿಗೆ ರಜ ಇತ್ತು ಭಾವ.

ನಿಮ್ಮ
ಗುಬ್ಬಿ